ಒಂದೇ ಅಂಗಳದಲ್ಲಿ ಎರಡು ಸಿನಗಾಗ್ ಏಕೆ? ಕೆಯ್ಡಾನ್ ಊರನ್ನು ಓದುವ ಬಗೆ

ಪ್ರಶ್ನೆ: ಮಗಳು ಲಿಥುವೇನಿಯಾದ ಕೌನಾಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಹತ್ತಿರದ ಕೇದಾಯ್ನ್ಯೈ ಎಂಬ ಚಿಕ್ಕ ಊರಿಗೆ ಒಂದು ದಿನ ಹೋಗಿಬಂದೆವು. ನದಿ ಪಕ್ಕದ ಹಳೆಯ ಚೌಕದಲ್ಲಿ ಎರಡು ಸಿನಗಾಗ್‌ಗಳು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳು, ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ಚಿತ್ರಕಲಾ ಶಾಲೆ, ಇನ್ನೊಂದರಲ್ಲಿ ಸಂಸ್ಕೃತಿ ಕೇಂದ್ರ. ಪ್ರಾರ್ಥನೆ ಮಾಡುವವರು ಯಾರೂ ಇಲ್ಲ. ಒಂದೇ ಧರ್ಮದವರಿಗೆ ಎರಡು ಮಂದಿರ ಏಕೆ ಬೇಕಿತ್ತು? ಅವರು ಎಷ್ಟು ಜನ ಇದ್ದರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ಎಲ್ಲಿ ಹೋದರು? ಮತ್ತೊಮ್ಮೆ ಹೋದಾಗ ಸ್ಮಶಾನದ ಕಲ್ಲುಗಳನ್ನು ಓದುವುದು ಹೇಗೆ?

ಉತ್ತರ: ಎರಡು ಸಿನಗಾಗ್‌ಗೆ ಕಾರಣ ಚಳಿ. ಎರಡು ಪಂಗಡಗಳು ಜಗಳವಾಡಿ ಬೇರೆಯಾದದ್ದಲ್ಲ. ನೀವು ನೋಡಿದ ದೊಡ್ಡ ಕಟ್ಟಡ 1784ರ ಬೇಸಿಗೆ ಸಿನಗಾಗ್. ದಪ್ಪ ಗೋಡೆ, ಎತ್ತರದ ಚಾವಣಿ, ಒಲೆ ಇಲ್ಲ. ಜನವರಿಯಲ್ಲಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಇಳಿಯುವ ಊರಿನಲ್ಲಿ ಅಂಥ ಹಜಾರವನ್ನು ಬೆಚ್ಚಗಿಡಲು ಎಷ್ಟು ಸೌದೆ ಸುರಿದರೂ ಸಾಲದು. ಬಿಸಿಗಾಳಿ ಚಾವಣಿಗೆ ಏರಿ ಕೂರುತ್ತದೆ, ಕೆಳಗೆ ಕಾಲು ಮರಗಟ್ಟುತ್ತದೆ. ಆದ್ದರಿಂದ ಪಕ್ಕದಲ್ಲೇ 19ನೇ ಶತಮಾನದಲ್ಲಿ ಚಿಕ್ಕದೊಂದನ್ನು, ಒಲೆ ಹಾಕಿ ಕಾಯಿಸಬಹುದಾದಂಥದ್ದನ್ನು ಕಟ್ಟಿಕೊಂಡರು. ಬೇಸಿಗೆ ಮುಗಿಯುತ್ತಲೇ ಇಡೀ ಸಮುದಾಯ ಅಂಗಳ ದಾಟಿ ಚಿಕ್ಕದಕ್ಕೆ ಬರುವುದು, ವಸಂತದಲ್ಲಿ ಮತ್ತೆ ದೊಡ್ಡದಕ್ಕೆ ಮರಳುವುದು. ಲಿಥುವೇನಿಯಾ, ಬೆಲಾರೂಸ್‌ಗಳ ಹಲವು ಊರುಗಳಲ್ಲಿ ಇದೇ ಪದ್ಧತಿ. ಎರಡೂ ಉಳಿದುಕೊಂಡ ಊರುಗಳು ಕಡಿಮೆ, ಅದಕ್ಕೇ ನಿಮಗೆ ವಿಚಿತ್ರವಾಗಿ ಕಂಡಿತು.

ಈ ಊರನ್ನು ನೋಡಲು ಬರುವವರು ಸಾಮಾನ್ಯವಾಗಿ 1941ರ ಹತ್ಯಾಕಾಂಡದಿಂದ ಶುರುಮಾಡುತ್ತಾರೆ. ಅದು ತಪ್ಪು ಎಂದು ನನ್ನ ಅಭಿಪ್ರಾಯ. ಕೊನೆಯ ದಿನದಿಂದ ಹಿಂದಕ್ಕೆ ಓದಿದರೆ ಮುನ್ನೂರು ವರ್ಷದ ಬದುಕು ಒಂದು ಸಾವಿನ ಮುನ್ನುಡಿಯಂತೆ ಕಾಣುತ್ತದೆ. ಸಂತೆಯಿಂದ ಶುರುಮಾಡಿ.

ಮೊದಲು ಹೆಸರು. ಲಿಥುವೇನಿಯನ್ನರಿಗೆ ಕೇದಾಯ್ನ್ಯೈ, ಪೋಲಿಷರಿಗೂ ರಷ್ಯನ್ನರಿಗೂ ಕೆಯ್ದಾನಿ, ಯಿಡ್ಡಿಷ್ ಆಡುವ ಯಹೂದಿಗಳಿಗೆ ಕೆಯ್ಡಾನ್. ಊರು ಒಂದೇ, ದಾಖಲೆ ಯಾವ ಕಾಲದ್ದೋ ಹೆಸರು ಆ ಕಾಲದ್ದು. ಲಿಥುವೇನಿಯನ್ ಹೆಸರೊಂದನ್ನೇ ಹಿಡಿದು ಹುಡುಕುವವನಿಗೆ 1918ಕ್ಕಿಂತ ಹಿಂದಿನದು ಹೆಚ್ಚೇನೂ ಸಿಗುವುದಿಲ್ಲ. ನೀವು ಕೇಳಿದ್ದು ಯಹೂದಿಗಳ ವಿಷಯವಾದ್ದರಿಂದ ಇಲ್ಲಿ ಅವರ ಬಾಯಲ್ಲಿದ್ದ ಹೆಸರನ್ನೇ ಬಳಸುತ್ತೇನೆ.

ಕೆಯ್ಡಾನ್ ನೆವೇಜಿಸ್ ನದಿಯ ದಂಡೆಯಲ್ಲಿದೆ, ಕೌನಾಸ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. 1590ರಲ್ಲಿ ಮಾಗ್ಡೆಬರ್ಗ್ ಹಕ್ಕು, ಅಂದರೆ ಪಟ್ಟಣ ತನ್ನ ಆಡಳಿತ ತಾನೇ ನಡೆಸಿಕೊಳ್ಳುವ ಸನದು ಸಿಕ್ಕಿತು. 17ನೇ ಶತಮಾನದ ಮೊದಲ ಭಾಗದಲ್ಲಿ ಊರು ರಾದ್ವಿಲಾ ಮನೆತನದ ಕೈಗೆ ಬಂತು. ಅವರು ಕ್ಯಾಲ್ವಿನ್ ಪಂಥದ ಪ್ರೊಟೆಸ್ಟೆಂಟರು, ಸುತ್ತಲಿನ ರಾಜ್ಯ ಕ್ಯಾಥೊಲಿಕ್. ಊರು ಬೆಳೆಯಬೇಕಾದರೆ ತೆರಿಗೆ ಕಟ್ಟುವ ವ್ಯಾಪಾರಿಗಳು, ಕುಶಲಕರ್ಮಿಗಳು ಬೇಕು. ಅವರ ಧರ್ಮ ಯಾವುದಾದರೂ ರಾದ್ವಿಲಾಗಳಿಗೆ ಚಿಂತೆ ಇರಲಿಲ್ಲ. ಸ್ಕಾಟ್‌ಲೆಂಡಿನ ವ್ಯಾಪಾರಿಗಳು ಬಂದರು, ಜರ್ಮನ್ ಲೂಥರನ್ನರು ಬಂದರು, ಯಹೂದಿಗಳು ಬಂದರು. ದೊಡ್ಡ ಚೌಕದ ಸುತ್ತ ಸ್ಕಾಟರ ಮನೆಗಳು, ನದಿ ಬದಿಯ ಹಳೆ ಸಂತೆ ಚೌಕದಲ್ಲಿ ಯಹೂದಿಗಳು. ಈ ಹಂಚಿಕೆ ಈಗಲೂ ಬೀದಿಗಳ ನಕಾಶೆಯಲ್ಲಿ ಹಾಗೇ ಇದೆ. (ರೈಲು ನಿಲ್ದಾಣದ ಹತ್ತಿರದ ಉದ್ಯಾನದಲ್ಲಿ ಮಿನಾರೊಂದನ್ನು ನೋಡಿ ಮುಸ್ಲಿಮರೂ ಇದ್ದರೇನೋ ಎಂದುಕೊಂಡಿದ್ದರೆ, ಇಲ್ಲ. ಅದು 19ನೇ ಶತಮಾನದಲ್ಲಿ ಎಸ್ಟೇಟಿನ ಒಡೆಯನಾಗಿದ್ದ ರಷ್ಯನ್ ಸೇನಾನಿ ತೋತ್ಲೆಬೆನ್‌ನ ಶೋಕಿ.)

ಒಡೆಯನಿಗೂ ಯಹೂದಿಗಳಿಗೂ ನಡುವಿನ ಕೊಂಡಿ ಗುತ್ತಿಗೆ. ಹೆಂಡ ಬಟ್ಟಿ ಇಳಿಸುವ ಹಕ್ಕು, ಪಡಖಾನೆ, ಗಿರಣಿ, ಸೇತುವೆ ಸುಂಕ ಎಲ್ಲವೂ ಒಡೆಯನವು. ಅವನು ಅವನ್ನು ವರ್ಷದ ಲೆಕ್ಕದಲ್ಲಿ ಗುತ್ತಿಗೆಗೆ ಬಿಡುತ್ತಿದ್ದ. ಇದಕ್ಕೆ ಅರೆಂದಾ ಎನ್ನುತ್ತಾರೆ. ಎಡವಟ್ಟಾಗುತ್ತಿದ್ದದ್ದು ಹೀಗೆ: ಅವಧಿ ಮುಗಿಯುವ ಹೊತ್ತಿಗೆ ಇನ್ನೊಬ್ಬ ಬಂದು ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ, ಹಳಬ ಬೀದಿಗೆ ಬೀಳುತ್ತಾನೆ, ಮುಂದಿನ ಸಲ ಹೊಸಬನಿಗೂ ಅದೇ ಗತಿ; ಕೊನೆಗೆ ಲಾಭವೆಲ್ಲ ಒಡೆಯನ ಪೆಟ್ಟಿಗೆಗೆ. ಇದನ್ನು ತಡೆಯಲು ಸಮುದಾಯ ತನ್ನೊಳಗೇ ಹಝಾಕಾ ಎಂಬ ಕಟ್ಟುಪಾಡು ಇಟ್ಟುಕೊಂಡಿತ್ತು. ಒಬ್ಬ ಮೂರು ವರ್ಷ ಗುತ್ತಿಗೆ ನಡೆಸಿದರೆ ಬೇರೆ ಯಹೂದಿ ಅವನ ಮೇಲೆ ಹರಾಜು ಏರಿಸುವಂತಿಲ್ಲ. ಏರಿಸಿದವನಿಗೆ ಬಹಿಷ್ಕಾರ.

ಆ ಕಟ್ಟುಪಾಡುಗಳನ್ನು ಮಾಡುತ್ತಿದ್ದದ್ದು ಯಾರು? ಊರಿನ ಮಟ್ಟದಲ್ಲಿ ಕಹಾಲ್ ಎಂಬ ಹಿರಿಯರ ಸಭೆ. ಅದರ ಮೇಲೆ 1623ರಲ್ಲಿ ಶುರುವಾದ ಲಿಥುವೇನಿಯಾ ಯಹೂದಿಗಳ ಮಹಾಸಭೆ. ಬ್ರೆಸ್ತ್, ಗ್ರೋದ್ನೊ, ಪಿನ್ಸ್ಕ್ ಅದರ ಮೂಲ ಯಜಮಾನ ಊರುಗಳು. ವಾಯುವ್ಯದ ಝಾಮುತ್ ಸೀಮೆಯಲ್ಲಿ ಮುಖ್ಯವೆನಿಸಿದ ಮೂರು ಸಮುದಾಯಗಳಲ್ಲಿ ಕೆಯ್ಡಾನ್ ಒಂದು. ತಲೆತೆರಿಗೆ ಯಾವ ಹಳ್ಳಿಗೆ ಎಷ್ಟು ಎಂದು ಹಂಚುವುದು ಇಂಥ ಊರುಗಳ ಕೆಲಸ. ಅಧಿಕಾರಕ್ಕೂ, ಸಣ್ಣ ಊರುಗಳ ಶಾಪಕ್ಕೂ ಅದೇ ಮೂಲ. 1764ರಲ್ಲಿ ಪೋಲಿಷ್ ಸಂಸತ್ತು ಮಹಾಸಭೆಯನ್ನು ರದ್ದು ಮಾಡಿತು.

ಕೆಯ್ಡಾನ್‌ನ ಹೆಸರು ಊರಾಚೆ ಹೋದದ್ದು ಪಾಂಡಿತ್ಯದಿಂದ. 'ವಿಲ್ನಾದ ಗಾಓನ್' (ಗಾಓನ್ ಎಂದರೆ ಮಹಾಪಂಡಿತ, ವಿಲ್ನಾ ಎಂದರೆ ಇಂದಿನ ವಿಲ್ನಿಯಸ್) ಎಂದು ಹೆಸರಾದ ಎಲಿಯಾಹು (ಜನನ 1720) ಬಾಲಕನಾಗಿ ಇಲ್ಲಿ ಮೋಷೆ ಮಾರ್ಗಾಲಿಯೋತ್ ಬಳಿ ಓದಿದ. ಮಾರ್ಗಾಲಿಯೋತ್ ಎಂದರೆ ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ಜೆರುಸಲೇಮ್ ತಾಲ್ಮುದ್‌ಗೆ ವ್ಯಾಖ್ಯಾನ ಬರೆದವರು. ಅದನ್ನು ಇಂದಿಗೂ ಮೂಲದ ಪಕ್ಕದಲ್ಲೇ ಅಚ್ಚು ಹಾಕುತ್ತಾರೆ. ಎಲಿಯಾಹುವಿನ ಹೆಂಡತಿ ಹನ್ನಾ ಕೂಡ ಈ ಊರಿನ ಮಗಳು.

ಆದರೆ ಊರೆಲ್ಲ ಪಂಡಿತರೇ ಎಂದುಕೊಳ್ಳಬೇಡಿ. 1843ರಲ್ಲಿ ಇಲ್ಲಿ ಹುಟ್ಟಿ ಹೀಬ್ರೂ ಲೇಖಕನಾಗಿ ಹೆಸರು ಮಾಡಿದ ಮೋಷೆ ಲೈಬ್ ಲಿಲಿಯೆನ್‌ಬ್ಲುಮ್‌ನ ಅಪ್ಪ ಮರದ ಪೀಪಾಯಿ ಮಾಡುವ ಬಡವ. ಆ ಬಡ ಪೀಪಾಯಿಗಾರ ಮಗನಿಗೆ ಕಲಿಸಿದ್ದು ಗ್ರಹಗತಿಯ ಲೆಕ್ಕ ಹಾಕಿ ಪಂಚಾಂಗ ಕಟ್ಟುವುದನ್ನು. ಯಹೂದಿ ಪಂಚಾಂಗ ನಮ್ಮದರ ಹಾಗೆ ಚಾಂದ್ರ-ಸೌರ: ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ದಿನ, 12 ಗಂಟೆ, ಮತ್ತು ಒಂದು ಗಂಟೆಯ 1080 ಭಾಗಗಳಲ್ಲಿ 793 ಭಾಗ. 19 ವರ್ಷಕ್ಕೆ 7 ಅಧಿಕ ಮಾಸ. ನಮ್ಮಲ್ಲಿ ಅಧಿಕ ಮಾಸ ಯಾವುದೆಂದು ಸಂಕ್ರಾಂತಿ ನೋಡಿ ನಿರ್ಧರಿಸುತ್ತೇವೆ. ಅವರಲ್ಲಿ ಚಕ್ರದ 3, 6, 8, 11, 14, 17, 19ನೇ ವರ್ಷ ಎಂದು ಗಟ್ಟಿ ಮಾಡಿಟ್ಟಿದ್ದಾರೆ, ಹೆಚ್ಚುವರಿ ತಿಂಗಳು ಯಾವಾಗಲೂ ಅದಾರ್. ಈ ಪಂಚಾಂಗ ಕೊನೆಯಲ್ಲಿ ಕಲ್ಲಿನ ತಾರೀಖು ಓದುವಾಗ ನಿಮಗೆ ಬೇಕಾಗುತ್ತದೆ.

ಪೀಪಾಯಿ ಎಂದ ಮೇಲೆ ಸೌತೆಕಾಯಿ ಬಿಡುವಂತಿಲ್ಲ. ಇಂದಿಗೂ ಈ ಊರಿಗೆ ಲಿಥುವೇನಿಯಾದ 'ಸೌತೆಕಾಯಿ ರಾಜಧಾನಿ' ಎಂಬ ಅಡ್ಡಹೆಸರು; ಬೇಸಿಗೆಯಲ್ಲಿ ಸೌತೆಕಾಯಿ ಹಬ್ಬವೂ ಆಗುತ್ತದೆ. ಆ ಬೆಳೆಯನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಕೆಯ್ಡಾನ್‌ನ ಯಹೂದಿ ತೋಟಗಾರರು ಮುಖ್ಯರು. ನದಿ ಬದಿಯ ತುಂಡುಭೂಮಿಯನ್ನು ಗೇಣಿಗೆ ಹಿಡಿದು ಮನೆಮಂದಿಯೆಲ್ಲ ದುಡಿಯುತ್ತಿದ್ದರು. ಮೇ ಕೊನೆಯವರೆಗೆ ಇಬ್ಬನಿ ಹೆಪ್ಪುಗಟ್ಟುವ ಭಯ. ಒಂದು ರಾತ್ರಿ ತಾಪಮಾನ ಸೊನ್ನೆಗೆ ಇಳಿದರೆ ಎಳೆಬಳ್ಳಿ ಬೆಳಗಿನಷ್ಟರಲ್ಲಿ ಕರ್ರಗಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಾಯಿ ಒಟ್ಟಿಗೇ ಬರುತ್ತದೆ, ದಿನ ಬಿಟ್ಟು ದಿನ ಕೀಳದಿದ್ದರೆ ಬಲಿತು ಬೀಜಗಟ್ಟುತ್ತದೆ. ಮಾರಿ ಉಳಿದದ್ದು ಓಕ್ ಪೀಪಾಯಿಗೆ. ಆ ಸೀಮೆಯ ಉಪ್ಪಿನಕಾಯಿಯಲ್ಲಿ ಎಣ್ಣೆಯಿಲ್ಲ, ಖಾರವಿಲ್ಲ, ವಿನಿಗರೂ ಇಲ್ಲ: ಲೀಟರ್ ನೀರಿಗೆ 50ರಿಂದ 60 ಗ್ರಾಂ ಉಪ್ಪು, ಹೂಬಿಟ್ಟ ಸಬ್ಬಸಿಗೆ ಗಿಡ, ಬೆಳ್ಳುಳ್ಳಿ, ಮುಲ್ಲಂಗಿಯ ಬಳಗದ ಹಾರ್ಸ್‌ರ್‍ಯಾಡಿಶ್ ಎಲೆ, ಚೆರ್ರಿ ಎಲೆ. ಹುಳಿ ಬರುವುದು ತಾನಾಗಿಯೇ, ಹುದುಗಿ. ಉಪ್ಪು ಕಡಿಮೆಯಾದರೆ ಕಾಯಿ ಮೆತ್ತಗಾಗಿ ಲೋಳೆ ಕಟ್ಟುತ್ತದೆ. ಹೆಚ್ಚಾದರೆ ಹುದುಗುವುದೇ ಇಲ್ಲ. ಓಕ್ ಮರದ, ಎಲೆಗಳ ಒಗರೇ ಕಾಯಿಯನ್ನು ಗರಿಗರಿಯಾಗಿ ಇಡುವುದು. 1871ರಲ್ಲಿ ಬಾಲ್ಟಿಕ್ ಬಂದರು ಲಿಯೆಪಾಯಾಗೆ ಹೋಗುವ ರೈಲು ಮಾರ್ಗ ಊರಿನ ಪಕ್ಕ ಹಾದುಹೋಯಿತು. ತರಕಾರಿಗೆ ದೂರದ ಪೇಟೆ ತೆರೆಯಿತು. ಊರು ಬಿಡುವವರಿಗೆ ಹಡಗೂ ಹತ್ತಿರವಾಯಿತು.

ಎಷ್ಟು ಜನ ಎಂದು ಕೇಳಿದ್ದೀರಿ. 1897ರ ಜನಗಣತಿಯಲ್ಲಿ 3,733 ಯಹೂದಿಗಳು, ಊರಿನ ನೂರಕ್ಕೆ ಸುಮಾರು 61. 1923ರಲ್ಲಿ 2,499, ಅಂದರೆ ಮೂರರಲ್ಲಿ ಒಂದು ಪಾಲು. ನಡುವೆ ಆದದ್ದು ಎರಡು. ಒಂದು ವಲಸೆ. ಅಮೆರಿಕಕ್ಕೆ ಹೋದರು, ದಕ್ಷಿಣ ಆಫ್ರಿಕಾಕ್ಕೂ ಹೋದರು. ದಕ್ಷಿಣ ಆಫ್ರಿಕಾದ ಯಹೂದಿಗಳಲ್ಲಿ ಬಹುಪಾಲು ಈ ಕೊವ್ನೊ (ಕೌನಾಸ್‌ನ ರಷ್ಯನ್ ಹೆಸರು) ಪ್ರಾಂತ್ಯದ ಕಡೆಯವರೇ. ಜೋಹಾನ್ಸ್‌ಬರ್ಗ್‌ನಲ್ಲಿ ಗಾಂಧಿಗೆ ಟಾಲ್‌ಸ್ಟಾಯ್ ಫಾರ್ಮ್‌ನ ಜಾಗ ಕೊಟ್ಟ ಹರ್ಮನ್ ಕಾಲೆನ್‌ಬಾಖ್ ಕೂಡ ಇಂದಿನ ಲಿಥುವೇನಿಯಾದ ಒಂದು ಸಣ್ಣ ಊರಿನಲ್ಲೇ ಹುಟ್ಟಿದವನು.

ಎರಡನೆಯದು 1915ರ ಮೇ. ಜರ್ಮನ್ ಸೇನೆ ಮುಂದೊತ್ತಿ ಬರುತ್ತಿತ್ತು. ಸೋಲಿಗೆ ನೆಪ ಹುಡುಕುತ್ತಿದ್ದ ರಷ್ಯನ್ ಸೇನೆ, ಯಹೂದಿಗಳು ಶತ್ರುವಿಗೆ ಬೇಹುಗಾರಿಕೆ ಮಾಡುತ್ತಾರೆ ಎಂದು ಕೊವ್ನೊ ಪ್ರಾಂತ್ಯದ ಬಹುಭಾಗದಿಂದ ಅವರನ್ನು ಕೆಲವೇ ದಿನಗಳಲ್ಲಿ ಒಳನಾಡಿಗೆ ಅಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ಜನ, ಸರಕು ಸಾಗಿಸುವ ರೈಲು ಡಬ್ಬಿಗಳಲ್ಲಿ. ಯುದ್ಧ ಮುಗಿದ ಮೇಲೆ ಮರಳಿದವರು ಕೆಲವರು, ಮರಳದವರು ಹಲವರು. 1941ರ ನೆರಳಿನಲ್ಲಿ ಈ ಹೊಡೆತವನ್ನು ಜನ ಮರೆತೇಬಿಡುತ್ತಾರೆ. ಸಂತೆ ಚೌಕದ ಅಂಗಡಿಗಳು ಕೈ ಬದಲಾದದ್ದು ಮೊದಲ ಬಾರಿಗೆ ಆಗಲೇ.

ವಂಶವೃಕ್ಷ ಹುಡುಕಲು ಹೊರಟವರು ಎಡವುವ ಜಾಗವೂ ಇಲ್ಲೇ ಇದೆ. ರಷ್ಯನ್ ಸಾಮ್ರಾಜ್ಯದಲ್ಲಿ ಒಂದು ಕುಟುಂಬದ ಹೆಸರು ಯಾವ ಸಮುದಾಯದ ಪಟ್ಟಿಯಲ್ಲಿದೆಯೋ ಅದೇ ಅವರ 'ಊರು'. ಮೂರು ತಲೆಮಾರಿನಿಂದ ಬೇರೆ ಊರಿನಲ್ಲಿ ವಾಸವಿದ್ದರೂ ತೆರಿಗೆ, ಸೇನಾ ಭರ್ತಿ ಎಲ್ಲ ಕೆಯ್ಡಾನ್ ಲೆಕ್ಕದಲ್ಲೇ. ಆದ್ದರಿಂದ 'ಕೆಯ್ಡಾನ್‌ನವ' ಎಂದು ಬರೆದಿದ್ದರೆ ಅವನು ಅಲ್ಲಿದ್ದ ಎಂದಲ್ಲ. ತೆರಿಗೆಗಾಗಿ ಮಾಡುತ್ತಿದ್ದ ಹಳೆಯ ಗಣತಿ ಪಟ್ಟಿಗಳಲ್ಲಿ ಕೊನೆಯದು 1858ರದು. ಹಾಳೆಯ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಗಂಡಸಿನ ಎದುರು ಹಿಂದಿನ ಗಣತಿಯಲ್ಲಿ ಎಷ್ಟು ವಯಸ್ಸು, ನಡುವೆ ಸತ್ತನೋ ಓಡಿಹೋದನೋ, ಈಗ ಎಷ್ಟು ವಯಸ್ಸು ಎಂಬ ಕಾಲಂ. ವಯಸ್ಸನ್ನು ನಂಬಬೇಡಿ. 1827ರಿಂದ ಯಹೂದಿ ಹುಡುಗರನ್ನೂ ಸೇನೆಗೆ ಎಳೆಯುತ್ತಿದ್ದರು. ಭರ್ತಿ ತಪ್ಪಿಸಲು ಹುಡುಗನ ವಯಸ್ಸನ್ನು ಹಿಗ್ಗಿಸುವುದು, ಕುಗ್ಗಿಸುವುದು, ಒಬ್ಬನೇ ಮಗನೆಂದು ತೋರಿಸಲು ಬೇರೆ ಮನೆಗೆ ಬರೆಸುವುದು ಎಲ್ಲ ನಡೆಯುತ್ತಿತ್ತು. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮನೆತನದ ಹೆಸರು ಕಂಡರೆ ಬೆಚ್ಚಬೇಡಿ. ಜನನ-ಮರಣದ ಪುಸ್ತಕಗಳು 1835ರಿಂದ. ಒಂದು ಪುಟ ರಷ್ಯನ್, ಎದುರು ಪುಟ ಹೀಬ್ರೂ. ಹೆಣ್ಣುಮಕ್ಕಳನ್ನು ಬರೆಸದೆ ಬಿಟ್ಟದ್ದು ಬಹಳ. ತಾರೀಖು ಜೂಲಿಯನ್ ಪಂಚಾಂಗದ್ದು, 19ನೇ ಶತಮಾನಕ್ಕೆ 12 ದಿನ, 1900ರ ಮಾರ್ಚ್‌ನಿಂದ 13 ದಿನ ಕೂಡಿಸಬೇಕು. ಈ ಪುಸ್ತಕಗಳ ಮೂಲಗಳು ವಿಲ್ನಿಯಸ್‌ನ ರಾಜ್ಯ ಐತಿಹಾಸಿಕ ಪತ್ರಾಗಾರದಲ್ಲಿವೆ. ಕೊವ್ನೊ ಪ್ರಾಂತ್ಯವಾದದ್ದು 1843ರಲ್ಲಿ. ಅದಕ್ಕಿಂತ ಹಿಂದಿನದನ್ನು ವಿಲ್ನಾ ಪ್ರಾಂತ್ಯದಡಿ ಹುಡುಕಿ.

ಈಗ 1941. ಹಿಂದಿನ ವರ್ಷ ಸೋವಿಯತ್ ಒಕ್ಕೂಟ ಲಿಥುವೇನಿಯಾವನ್ನು ನುಂಗಿತ್ತು. ಜೂನ್ 22ರಂದು ಜರ್ಮನಿ ದಾಳಿ ಮಾಡಿತು, ಎರಡು ದಿನದಲ್ಲಿ ಕೆಯ್ಡಾನ್ ಅವರ ವಶ. ಮುಂದಿನದನ್ನು ಕೊಲೆಗಾರರೇ ಬರೆದಿಟ್ಟಿದ್ದಾರೆ. ಕೌನಾಸ್‌ನಲ್ಲಿದ್ದ ಜರ್ಮನ್ ಹತ್ಯಾದಳದ ಮುಖ್ಯಸ್ಥ ಕಾರ್ಲ್ ಯೇಗರ್ 1941ರ ಡಿಸೆಂಬರ್ 1ರಂದು ಕಳಿಸಿದ ವರದಿಯಲ್ಲಿ ತಾರೀಖು, ಊರು, ಗಂಡಸರು, ಹೆಂಗಸರು, ಮಕ್ಕಳು ಎಂದು ದಿನಸಿ ಅಂಗಡಿಯ ಲೆಕ್ಕದಂತೆ ಸಾಲುಗಳಿವೆ. ಒಟ್ಟು 1,37,346. ಅದರಲ್ಲಿ ಕೇದಾಯ್ನ್ಯೈ ಎರಡು ಕಡೆ ಬರುತ್ತದೆ. ಜುಲೈ 23: 83 ಯಹೂದಿ ಗಂಡಸರು, 12 ಹೆಂಗಸರು, 14 ರಷ್ಯನ್ ಮತ್ತು 15 ಲಿಥುವೇನಿಯನ್ ಕಮ್ಯುನಿಸ್ಟರು, ಒಬ್ಬ ಸೋವಿಯತ್ ರಾಜಕೀಯ ಅಧಿಕಾರಿ, ಸೇರಿ 125. ಆಗಸ್ಟ್ 28: 710 ಗಂಡಸರು, 767 ಹೆಂಗಸರು, 599 ಮಕ್ಕಳು, ಸೇರಿ 2,076.

ಈ ಎರಡು ಸಾಲುಗಳ ನಡುವೆ ಕಣ್ಣಿಟ್ಟು ನೋಡಿ. ಜುಲೈನ ಸಾಲಿನಲ್ಲಿ ಮಕ್ಕಳ ಕಾಲಂ ಖಾಲಿ. ಆಗಸ್ಟ್ ಮಧ್ಯದ ಹೊತ್ತಿಗೆ ಆಜ್ಞೆ ಬದಲಾಗಿತ್ತು. ಅಲ್ಲಿಂದ ಮುಂದೆ ಲಿಥುವೇನಿಯಾದ ಊರೂರುಗಳಲ್ಲಿ ಮಕ್ಕಳ ಕಾಲಂ ತುಂಬತೊಡಗುತ್ತದೆ. ಒಂದು ಎಚ್ಚರಿಕೆ: 2,076 ಅಂದರೆ ಕೆಯ್ಡಾನ್‌ನವರಷ್ಟೇ ಅಲ್ಲ. ಹತ್ತಿರದ ಶೇತಾ ಮತ್ತು ಝೆಯ್ಮ್ಯೈ ಊರುಗಳ ಯಹೂದಿಗಳನ್ನೂ ಮೊದಲೇ ಇಲ್ಲಿಗೆ ತಂದು ಕೂಡಿಹಾಕಿದ್ದರು. ಅದನ್ನು 1923ರ ಸಂಖ್ಯೆಯ ಪಕ್ಕ ಇಟ್ಟು, 'ನಾನೂರು ಜನ ಉಳಿದರು' ಎಂದು ಕಳೆಯುವ ಲೆಕ್ಕವನ್ನು ಕೆಲವರು ಮಾಡುತ್ತಾರೆ. ಅದು ಶುದ್ಧ ತಪ್ಪು. ಊರಂಚಿನ ಎಸ್ಟೇಟಿನ ಕುದುರೆ ಲಾಯದಲ್ಲಿ ಎಲ್ಲರನ್ನೂ ಕೂಡಿಟ್ಟು, ಸ್ಮಿಲ್ಗಾ ಹಳ್ಳದ ಬಳಿ ಮುಂಚೆಯೇ ತೋಡಿಸಿದ್ದ ಕಂದಕಕ್ಕೆ ತಂಡ ತಂಡವಾಗಿ ಒಯ್ದು ಗುಂಡಿಟ್ಟರು. ಜರ್ಮನ್ನರು ಬೆರಳೆಣಿಕೆಯಷ್ಟು, ಹಿಡಿದು ತಂದವರು, ಕಾವಲು ನಿಂತವರು, ಗುಂಡು ಹಾರಿಸಿದವರಲ್ಲಿ ಹೆಚ್ಚಿನವರು ಸ್ಥಳೀಯ ಲಿಥುವೇನಿಯನ್ನರು. ಇದನ್ನು ಮೆದುಗೊಳಿಸಿ ಹೇಳುವ ದಾರಿ ಇಲ್ಲ. ಕಂದಕದ ಅಂಚಿನಲ್ಲಿ ತ್ಸಾದೋಕ್ ಶ್ಲಾಪೋಬೆರ್ಸ್ಕಿ ಎಂಬಾತ ಕೊಲೆಗಾರರ ಮೇಲೆ ಬಿದ್ದು ಹೋರಾಡಿ ಸತ್ತ. ಬದುಕುಳಿದವರು ಒಳರಷ್ಯಾಕ್ಕೆ ಓಡಿ ಪಾರಾದವರು, ಸೋವಿಯತ್ತರು ಅದಕ್ಕೂ ಮೊದಲೇ ಗಡಿಪಾರು ಮಾಡಿದ್ದವರು, ಮತ್ತು ರೈತರ ಮನೆಯಲ್ಲಿ ಅಡಗಿದ ಬೆರಳೆಣಿಕೆಯ ಮಂದಿ.

ಇನ್ನು ಕಲ್ಲು ಓದುವ ವಿಷಯ. ಇದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಹೀಬ್ರೂ ಬರಬೇಕಿಲ್ಲ, 22 ಅಕ್ಷರ ಗುರುತಿಸಿದರೆ ಸಾಕು. ಬಲದಿಂದ ಎಡಕ್ಕೆ ಓದಬೇಕು. ನೆತ್ತಿಯ ಮೇಲಿನ ಎರಡು ಅಕ್ಷರ ಪೇ, ನೂನ್: 'ಇಲ್ಲಿ ಹೂಳಿದೆ'. ಕೊನೆಯ ಐದಕ್ಷರ ತಾವ್, ನೂನ್, ತ್ಸಾದಿ, ಬೇತ್, ಹೇ: 'ಆತ್ಮ ಜೀವದ ಗಂಟಿನಲ್ಲಿ ಕಟ್ಟಿಕೊಂಡಿರಲಿ' ಎಂಬ ಬೈಬಲ್ ಮಾತಿನ ಮೊದಲಕ್ಷರಗಳು. ನಡುವೆ ಹೆಸರು, 'ಬೆನ್' ಎಂದರೆ ಮಗ, 'ಬತ್' ಎಂದರೆ ಮಗಳು, ಆಮೇಲೆ ಅಪ್ಪನ ಹೆಸರು. ಮನೆತನದ ಹೆಸರು ಇಲ್ಲದ ಕಲ್ಲುಗಳೇ ಹೆಚ್ಚು. ಹರಸುವ ಎರಡು ಕೈ ಕೆತ್ತಿದ್ದರೆ ಪುರೋಹಿತ ವಂಶದ ಕೊಹೆನ್, ನೀರಿನ ಹೂಜಿ ಇದ್ದರೆ ಲೇವಿ, ಮೇಣದಬತ್ತಿ ಕಂಬ ಇದ್ದರೆ ಸಾಮಾನ್ಯವಾಗಿ ಹೆಂಗಸು, ಮುರಿದ ಮರವಾದರೆ ಎಳೆ ವಯಸ್ಸಿನ ಸಾವು.

ವರ್ಷವನ್ನು ಅಂಕಿಗಳಲ್ಲಿ ಬರೆಯುವುದಿಲ್ಲ, ಅಕ್ಷರಗಳ ಬೆಲೆ ಕೂಡಿಸಬೇಕು. ತಾವ್ 400, ರೇಷ್ 200, ಮೇಮ್ 40, ಗಿಮೆಲ್ 3: ಕೂಡಿದರೆ 643. ಸಾವಿರದ ಸ್ಥಾನ ಬಿಟ್ಟು ಬರೆಯುವುದು ರೂಢಿ. ಶಾಸನದ ಶಕವರ್ಷಕ್ಕೆ ನಾವು 78 ಕೂಡಿಸುವ ಹಾಗೆ ಇದಕ್ಕೆ 1240 ಕೂಡಿಸಿ: 1883. ಅವರ ವರ್ಷ ಶರತ್ಕಾಲದಲ್ಲಿ ಹುಟ್ಟುವುದರಿಂದ ತಿಂಗಳು ತಿಶ್ರೇ, ಹೆಶ್ವಾನ್, ಕಿಸ್ಲೇವ್ ಆಗಿದ್ದರೆ ಒಂದು ವರ್ಷ ಕಳೆಯಿರಿ. ತೇವೇತ್ ಆಗಿದ್ದರೆ ದಿನ ನೋಡಿ ತೀರ್ಮಾನಿಸಬೇಕು. ಸವೆದ ಕಲ್ಲಿನಲ್ಲಿ ದಾಲೆತ್ (4) ಮತ್ತು ರೇಷ್ (200), ಹೇ (5) ಮತ್ತು ಖೇತ್ (8), ಬೇತ್ (2) ಮತ್ತು ಕಾಫ್ (20) ಅದಲುಬದಲಾಗುತ್ತವೆ. ದೊಡ್ಡ ಬೆಲೆಯ ಅಕ್ಷರ ಮೊದಲು ಬರಬೇಕೆಂಬ ನಿಯಮ ನೆನಪಿದ್ದರೆ ಬಹಳಷ್ಟು ಗೊಂದಲ ತಪ್ಪುತ್ತದೆ. 15, 16ನೇ ತಾರೀಖನ್ನು ಮಾತ್ರ 9+6, 9+7 ಎಂದು ಬರೆಯುತ್ತಾರೆ. 10+5, 10+6 ಬರೆದರೆ ದೇವರ ಹೆಸರಿನ ಅಕ್ಷರಗಳಾಗುತ್ತವೆ.

ಕಲ್ಲಿಗೆ ಸೀಮೆಸುಣ್ಣ, ಶೇವಿಂಗ್ ಕ್ರೀಮ್, ತಂತಿ ಬ್ರಷ್ ಯಾವುದನ್ನೂ ಹಚ್ಚಬೇಡಿ; ಮರಳುಗಲ್ಲಿನ ಪದರವೇ ಎದ್ದುಬರುತ್ತದೆ. ಬರೀ ನೀರು, ಮೆತ್ತನೆ ಬ್ರಷ್. ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕಲ್ಲಿಗೆ ಸವರಿದಂತೆ ಬಿಡಿ. ಮೊಬೈಲ್ ಟಾರ್ಚ್ ಸಾಕು, ಸಂಜೆ ಬಿಸಿಲು ಇನ್ನೂ ಒಳ್ಳೆಯದು. ಶನಿವಾರ ಬಿಟ್ಟು ಹೋಗಿ, ಗಂಡಸರು ತಲೆಗೆ ಏನಾದರೂ ಹಾಕಿಕೊಳ್ಳಿ. ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟುಬರುವುದು ಅವರ ವಾಡಿಕೆ.

ಆಮೇಲೆ ಸ್ಮಿಲ್ಗಾ ಹಳ್ಳದ ಕಡೆ ಹೋಗಿ. ಅಲ್ಲಿ ಕೊಲೆಯಾದವರ ಹೆಸರುಗಳಿರುವ ಸ್ಮಾರಕವಿದೆ. ಒಬ್ಬೊಬ್ಬರಿಗೂ ಕಲ್ಲಿಲ್ಲದ ಕಾರಣ ತಾರೀಖನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು: ದಿನ ಹೇ, ತಿಂಗಳು ಎಲುಲ್, ವರ್ಷ ತಾವ್, ಶಿನ್, ಆಲೆಫ್. 400, 300, 1. ಅದಕ್ಕೆ 1240.